ಬೇಡವೆಂದದ್ದು ನನ್ನ ಬಾಯಿ, ಬೇಕೆಂದದ್ದು ನನ್ನ ಕಾಲು

ಮಾರಾಟ ವ್ಯವಸ್ಥಾಪಕರಿಗೆ,
ಸ್ಪೋರ್ಟ್ಸ್ ಕಾರು ಮಳಿಗೆ, ಗಾಜಿನ ಕೋಣೆ.

ವಿಷಯ: ನಮ್ಮ ಹೊಸ ಕಾರಿನಲ್ಲಿ ನಮ್ಮನ್ನು ಕೇಳದೆ ಹುಟ್ಟಿಕೊಂಡಿರುವ ಹಿಂದಿನ ಸೀಟನ್ನು ದಯಮಾಡಿ ತೆಗೆಸಿಕೊಡುವ ಬಗ್ಗೆ.

ಮಾನ್ಯರೇ,

ತಾವು, ತಮ್ಮ ಗಾಜಿನ ಕೋಣೆ, ಆ ಕೋಣೆಯೊಳಗೆ ಸದಾ ಬುಸುಗುಟ್ಟುವ ಕಾಫಿ ಯಂತ್ರ, ಹೊರಗೆ ತಿರುಗುವ ವೇದಿಕೆಯ ಮೇಲೆ ಹಗಲಿಡೀ ಎಲ್ಲಿಗೂ ಹೋಗದೆ ಸುತ್ತುತ್ತಿರುವ ಕೆಂಪು ಕಾರು, ಎಲ್ಲರೂ ಕ್ಷೇಮವೆಂದು ಭಾವಿಸುತ್ತೇನೆ. ಇತ್ತ ನಾನೂ ನನ್ನ ಶ್ರೀಮತಿಯೂ ಕ್ಷೇಮ. ನನ್ನ ಬಲಗಾಲಿನ ವಿಚಾರ ಮಾತ್ರ ಬೇರೆ, ಅದನ್ನು ಮುಂದೆ ಸವಿಸ್ತಾರವಾಗಿ ಬಿನ್ನವಿಸಿಕೊಳ್ಳುತ್ತೇನೆ. ಈ ಪತ್ರವನ್ನು ನೇರವಾಗಿ ತಮ್ಮ ಕೈಗೆ ಕೊಡದೆ ಊರಿಗೆಲ್ಲ ಕಾಣುವಂತೆ ನಮ್ಮ ಡ್ರೈವಿಂಗ್ ಶಾಲೆಯ ಗೇಟಿಗೆ ಅಂಟಿಸುತ್ತಿರುವುದಕ್ಕೆ ಕ್ಷಮೆ ಇರಲಿ. ತಮ್ಮ ಮಳಿಗೆಗೆ ಫೋನ್ ಮಾಡಿದಾಗಲೆಲ್ಲ ಒಂದು ಇಂಪಾದ ದನಿ ನನ್ನ ಕರೆ ತಮಗೆ ಅತ್ಯಮೂಲ್ಯವೆಂದು ತಿಳಿಸಿ, ಆ ಅಮೂಲ್ಯ ವಸ್ತುವನ್ನು ಯಾರೂ ಮುಟ್ಟದಂತೆ ಕಾಪಾಡಿಕೊಂಡು ಬಂದಿದೆ. ಬರುವ ಶನಿವಾರದೊಳಗೆ ನಾನು ಖರೀದಿ ಪತ್ರಕ್ಕೆ ಸಹಿ ಹಾಕದಿದ್ದರೆ ನನ್ನ ಮುಂಗಡ ಮುಳುಗುತ್ತದೆ, ಹಾಕಿದರೆ ನಾನೇ ಮುಳುಗುತ್ತೇನೆ. ಆದ್ದರಿಂದ ಈ ಅವಸರ.

ನಾನು ಯಾರೆಂಬುದು ತಮಗೆ ಮರೆತಿರಬಹುದು. ಕಾರು ಓಡಿಸುವುದನ್ನು ಕಲಿಸುವ ಮೇಷ್ಟ್ರು ನಾನು. ಊರಿನವರು ಪ್ರೀತಿಯಿಂದ ಬ್ರೇಕ್ ಮೇಷ್ಟ್ರು ಅನ್ನುತ್ತಾರೆ. ಪ್ರೀತಿ ಇಲ್ಲದವರೂ ಹಾಗೇ ಅನ್ನುತ್ತಾರೆ. ಇಲ್ಲಿನ ಹಲ್ಲಿನ ಡಾಕ್ಟರು, ನ್ಯಾಯಾಧೀಶರು, ಬ್ಯಾಂಕಿನ ಮ್ಯಾನೇಜರು, ಅಷ್ಟೇಕೆ, ಎದುರು ರಸ್ತೆಯಲ್ಲಿ ನನಗೇ ಪೈಪೋಟಿಯಾಗಿ ಶಾಲೆ ತೆರೆದು ಕೂತಿರುವ ಮೇಡಂ ಕೂಡ ಕ್ಲಚ್ ಬಿಡುವುದನ್ನು ಕಲಿತದ್ದು ನನ್ನ ಹತ್ತಿರವೇ. ಮನೆಯವರಿಗೆ ಮಾತ್ರ ಕಲಿಸುವುದಿಲ್ಲ ಎಂಬುದು ನನ್ನ ವೃತ್ತಿಯ ನಿಯಮ, ಸಂಸಾರ ಉಳಿಯಬೇಕಲ್ಲ. ಇಷ್ಟು ವರ್ಷವೂ ನಾನು ಕೂತದ್ದು ಚಾಲಕನ ಪಕ್ಕದ ಸೀಟಿನಲ್ಲಿ, ಅಲ್ಲಿ ನನಗೆಂದೇ ಹಾಕಿಸಿಕೊಂಡ ಇನ್ನೊಂದು ಬ್ರೇಕ್ ಪೆಡಲಿನ ಮೇಲೆ ಬಲಗಾಲಿಟ್ಟುಕೊಂಡು. ಕಲಿಯುವವರ ಬಾಯಿಂದ ‘ಅಯ್ಯೋ’ ಹೊರಡುವ ಮೊದಲೇ ನನ್ನ ಕಾಲು ಕೆಳಗಿಳಿದಿರುತ್ತಿತ್ತು. ಈಗ ಆ ಕಾಲು ನನ್ನ ಮಾತು ಕೇಳುವುದಿಲ್ಲ. ಏನಾದರೂ ಹದ ಮೀರಿ ಜೋರಾಗಿ ಓಡುತ್ತಿದೆ ಅನ್ನಿಸಿದರೆ ಸಾಕು, ತಾನಾಗಿಯೇ ಒತ್ತುತ್ತದೆ. ಟೀವಿಯಲ್ಲಿ ವಾರ್ತೆ ಓದುವಾಕೆ ಅವಸರ ಮಾಡಿದರೆ ಒತ್ತುತ್ತದೆ, ಕ್ಷೌರಿಕನ ಕತ್ತರಿ ಕಿವಿಯ ಹತ್ತಿರ ಸರಸರ ಸುಳಿದರೆ ಒತ್ತುತ್ತದೆ.

ಹೀಗೆ ಮುಂದಿನ ಎರಡು ಸೀಟು ನನಗೂ ವಿದ್ಯಾರ್ಥಿಗೂ ಆಯಿತು. ನನ್ನ ಶ್ರೀಮತಿ ಎಲ್ಲಿ ಕೂರಬೇಕು? ಹಿಂದೆ. ನೆಂಟರ ಮನೆಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ಯಾರದೋ ಪಾಠದ ಹೊತ್ತಿಗೆ ಹೊಂದಿಸಿಕೊಂಡು ಪೆಟ್ರೋಲು ಉಳಿಸಿ ಹೋದವರು ನಾವು. ಅವಳು ತರಕಾರಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಯಾರೋ ಗೇರು ಹಾಕಲಾರದೆ ಕಿರುಗುಟ್ಟಿಸುವುದನ್ನು ಕೇಳುತ್ತ, ನನ್ನ ಹಿಂದಲೆ ನೋಡುತ್ತ ಆಯಸ್ಸು ಕಳೆದಳು. ನನ್ನ ತಲೆ ಹಿಂದುಗಡೆ ಬೋಳಾಗುತ್ತಿದೆ ಎಂದು ಮೊದಲು ತಿಳಿಸಿದವಳೂ ಅವಳೇ. ಈಗ ಶಾಲೆ ಮುಚ್ಚಿ, ರಿವರ್ಸ್ ಕಲಿಸುತ್ತಿದ್ದ ಖಾಲಿ ಜಾಗ ಮಾರಿ, ಆ ದುಡ್ಡು ಹಿಡಿದು ತಮ್ಮಲ್ಲಿಗೆ ಬಂದದ್ದು ವೇಗದ ಚಪಲಕ್ಕಲ್ಲ ಮಾನ್ಯರೇ. ಹಿಂದಿನ ಸೀಟೇ ಇಲ್ಲದ ಕಾರು ಬೇಕಿತ್ತು. ನಾನು ಓಡಿಸಬೇಕು, ಅವಳು ಪಕ್ಕದಲ್ಲಿ ಕೂರಬೇಕು, ಮೂರನೆಯವರಿಗೆ ಜಾಗವೇ ಇರಬಾರದು. ಇದನ್ನು ಅವಳಿಗೆ ಬಾಯಿಬಿಟ್ಟು ಹೇಳಿಲ್ಲ. ಈ ವಯಸ್ಸಿನಲ್ಲಿ ಹೇಳಿಕೊಳ್ಳಲು ನಾಚಿಕೆ. ಗೇಟಿನ ನೋಟೀಸು ಓದುವ ಅಭ್ಯಾಸ ಅವಳಿಗಿಲ್ಲವಾದ್ದರಿಂದ ಧೈರ್ಯವಾಗಿ ಬರೆದಿದ್ದೇನೆ.

ತಮ್ಮ ಮಳಿಗೆಯ ಆದರಾತಿಥ್ಯವನ್ನು ಎಷ್ಟು ಹೊಗಳಿದರೂ ಸಾಲದು. ಟೈ ಕಟ್ಟಿದ ತಮ್ಮ ಮಾರಾಟಗಾರರು ನಮ್ಮ ಚಪ್ಪಲಿಯಿಂದ ತಲೆಯವರೆಗೆ ಒಮ್ಮೆ ನೋಡಿ, ಎರಡನೆಯ ಸಲ ನೋಡಿದಾಗ ಮಾತ್ರ ನಕ್ಕರು. ಟೆಸ್ಟ್ ಡ್ರೈವ್‌ಗೆ ಲೈಸೆನ್ಸ್ ಕೇಳಿದರು. ನಾನು ಜೇಬಿಗೆ ಕೈ ಹಾಕಿದೆ. ಯಾಕೋ ಶ್ರೀಮತಿಯೂ ತನ್ನ ಕೈಚೀಲದ ಜಿಪ್ ಎಳೆದು, ನನ್ನ ಮುಖ ನೋಡಿ, ಮತ್ತೆ ಮುಚ್ಚಿದಳು. ಏನು ಅಂದದ್ದಕ್ಕೆ ಕರ್ಚೀಫು ಅಂದಳು. ಇರುವುದು ಎರಡೇ ಸೀಟಾದ್ದರಿಂದ ಅವಳು ಮಳಿಗೆಯಲ್ಲೇ ಉಳಿದಳು. ನಾನು ಅಭ್ಯಾಸಬಲದಿಂದ ಸೀದಾ ಹೋಗಿ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಬಿಗಿದುಕೊಂಡೆ. ಮಾರಾಟಗಾರರು ಹೊರಗೆ ನಿಂತು ಕಾದರು, ನಾನು ಒಳಗೆ ಕೂತು ಕಾದೆ. ಕೊನೆಗೆ ಅವರೇ ಓಡಿಸಿದರು. ‘ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಯಾವ ಬೆಂಕಿ ಆರಿಸಕ್ಕೆ ಹೋಗ್ತಿದೀರಾ’ ಎಂದು ನಾನು ದಾರಿಯುದ್ದಕ್ಕೂ ಪಾಠ ಮಾಡಿದೆ. ವಾಪಸು ಬಂದು ಇಳಿದಾಗ ಅವರು ಬೆವರು ಒರೆಸಿಕೊಂಡು, ಫೀಸು ಕೊಡುವವರ ಹಾಗೆ ಜೇಬು ಮುಟ್ಟಿಕೊಂಡದ್ದನ್ನು ನಾನು ಮರೆಯುವುದಿಲ್ಲ. ಇಂಥ ವಿನಯವಂತ ವಿದ್ಯಾರ್ಥಿ ನನಗೆ ಬಹಳ ಕಾಲದಿಂದ ಸಿಕ್ಕಿರಲಿಲ್ಲ.

ಇನ್ನು ಚೌಕಾಸಿಯ ವಿಚಾರ. ಫ್ರಿಜ್ ಕೊಳ್ಳುವಾಗ ನನ್ನ ಭಾವಮೈದುನ ಪ್ರಯೋಗಿಸಿ ಗೆದ್ದ ಉಪಾಯವೊಂದನ್ನು ನಾವು ಗಂಡಹೆಂಡತಿ ಮನೆಯಲ್ಲೇ ಮಾತಾಡಿಕೊಂಡು ಬಂದಿದ್ದೆವು. ಮಾರಾಟಗಾರರು ಏನು ತೋರಿಸಿದರೂ ನಾನು ಮುಖ ಗಂಟು ಹಾಕಿಕೊಂಡು ಬೇಡ ಅನ್ನಬೇಕು. ನಿಜಕ್ಕೂ ಬೇಕಾದದ್ದು ಬಂದಾಗ ಮಾತ್ರ ಮೇಜಿನ ಕೆಳಗೆ ಅವಳ ಪಾದವನ್ನು ಮೆಲ್ಲಗೆ ಒತ್ತಬೇಕು. ಅವಳು ಕರಗಿದವಳಂತೆ ‘ಹೋಗ್ಲಿ ಬಿಡಿ, ಹಾಕ್ಲಿ’ ಅನ್ನಬೇಕು. ಆಗ ನಾನು ಹೆಂಡತಿಯ ಮಾತು ಮೀರಲಾರದ ಗಂಡನಂತೆ ನಿಟ್ಟುಸಿರುಬಿಟ್ಟು, ಬೆಲೆ ಇಳಿಸಿದರೆ ಮಾತ್ರ ಎಂದು ಷರತ್ತು ಹಾಕಬೇಕು. ಉಪಾಯದಲ್ಲಿ ಯಾವ ದೋಷವೂ ಇರಲಿಲ್ಲ. ನನ್ನ ಕಾಲಿನ ಗುಣವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಅಷ್ಟೇ.

ತಮ್ಮ ಮಾರಾಟಗಾರರು ಗೋಡೆಯಗಲದ ಪರದೆಯ ಮುಂದೆ ನಮ್ಮನ್ನು ಕೂರಿಸಿದರು. ಮೊದಲು ಬಣ್ಣ. ಮಾಮೂಲಿ ಕೆಂಪು ಬೆಲೆಯಲ್ಲೇ ಸೇರಿದೆ, ವಿಶೇಷ ಕೆಂಪಿಗೆ ಬೇರೆ ದುಡ್ಡು ಎಂದರು. ಎರಡನ್ನೂ ಪಕ್ಕಪಕ್ಕ ಹಿಡಿದಾಗ ನನ್ನ ಕಣ್ಣಿಗೆ ಅವು ಅವಳಿಜವಳಿ. ‘ಬೇಡ’ ಎಂದೆ, ಕಾಫಿ ಯಂತ್ರಕ್ಕೂ ಕೇಳುವಂತೆ. ಅಷ್ಟರಲ್ಲಿ ಅವರ ಬೆರಳು ವಿಶೇಷ ಕೆಂಪನ್ನು ಮುಟ್ಟಿತ್ತು, ಪರದೆಯ ಮೂಲೆಯಲ್ಲಿದ್ದ ಬೆಲೆ ಸರ್ರನೆ ಮೇಲೇರಿತು. ಏನು ಹೇಳಲಿ ಮಾನ್ಯರೇ, ಕಾಲು ಒತ್ತಿತು. ‘ಹೋಗ್ಲಿ ಬಿಡಿ, ಹಾಕ್ಲಿ’ ಅಂದಳು ಶ್ರೀಮತಿ. ನಾನು ದಂಗಾದೆ. ಆ ದಂಗಿನಲ್ಲೇ ಅವರು ಹೊಗೆಕೊಳವೆಯಿಂದ ಹೆಚ್ಚು ಸದ್ದು ಬರಿಸುವ ಗುಂಡಿಯನ್ನು ತೋರಿಸಿದರು. ಅಂಥ ಸದ್ದು ನಮ್ಮ ಹಳೆಯ ಕಾರಿನಿಂದ ಬಂದಾಗ ನಾನು ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ನಿಲ್ಲಿಸಿದ್ದೆ. ಬೇಡವೇ ಬೇಡ ಎಂದೆ. ಬೆಲೆ ಏರಿತು, ಕಾಲು ಒತ್ತಿತು, ‘ಇರ್ಲಿ ಬಿಡಿ, ಒಂದು ಗುಂಡಿ ತಾನೇ’ ಅಂದಳು.

ಅಲ್ಲಿಂದ ಮುಂದೆ ನಡೆದದ್ದು ಶುದ್ಧ ಅಪಘಾತ. ಬೆಲೆ ಎಷ್ಟು ಜೋರಾಗಿ ಏರಿತೋ ನಾನು ಅಷ್ಟು ಜೋರಾಗಿ ಬ್ರೇಕ್ ಒತ್ತಿದೆ. ನಾನು ಎಷ್ಟು ಜೋರಾಗಿ ಒತ್ತಿದೆನೋ ಅವಳು ಅಷ್ಟೇ ಉತ್ಸಾಹದಿಂದ ಹೂಂ ಅಂದಳು. ಬೆನ್ನು ಬಿಸಿ ಮಾಡುವ ಸೀಟು ಬಂತು. ಬೆನ್ನು ತಣ್ಣಗೆ ಮಾಡುವ ಸೀಟೂ ಬಂತು, ಎರಡೂ ಒಂದೇ ಬೆನ್ನಿಗೆ. ರೇಸಿನಲ್ಲಿ ಸುತ್ತಿನ ವೇಳೆ ಅಳೆಯುವ ಗಡಿಯಾರ ಬಂತು. ನಾನು ಹಾಲು ತರಲು ಹೋಗಿ ಬರುವ ವೇಳೆಯನ್ನು ಇನ್ನು ಮುಂದೆ ಅದು ದಾಖಲಿಸಲಿದೆ. ‘ಸ್ವಾಮಿ, ಸಾಕು ಮಾಡಿ!’ ಎಂದು ನಾನು ಎದ್ದು ನಿಂತು ಕೂಗಿದರೂ ತಮ್ಮವರು ಅದನ್ನು ನನ್ನ ಚೌಕಾಸಿಯ ಚಾತುರ್ಯವೆಂದು ತಿಳಿದು ಮೆಚ್ಚಿ ತಲೆದೂಗಿದರು. ಮನೆಗೆ ಹೋಗುವಾಗ ಶ್ರೀಮತಿ ಕೂಡ ‘ಎಷ್ಟು ಚೆನ್ನಾಗಿ ಬೇಡ ಬೇಡ ಅಂದ್ರಿ, ನಿಜಾನೇ ಅನ್ನಿಸ್ಬಿಡ್ತು’ ಎಂದು ಹೊಗಳಿದಳು. ಅವಳ ಪಾದ ಊದಿಕೊಂಡಿತ್ತು.

ಇವೆಲ್ಲವನ್ನೂ ನಾನು ನುಂಗಿಕೊಳ್ಳುತ್ತಿದ್ದೆ. ಕಟ್ಟಕಡೆಯಲ್ಲಿ ತಮ್ಮವರು ದನಿ ತಗ್ಗಿಸಿ, ‘ಸರ್, ಇಷ್ಟು ದುಬಾರಿ ಕಾರು, ಅಮ್ಮ ಟೆಸ್ಟ್ ಡ್ರೈವ್‌ಗೆ ಬರಕ್ಕಾಗದೆ ಇಲ್ಲೇ ಉಳಿದ್ರು ಪಾಪ, ಹಿಂದೆ ಪುಟ್ಟದಾಗಿ ಎರಡು ಸೀಟು ಹಾಕಿಸ್ಬಿಡೋಣ’ ಎಂದರಲ್ಲ, ಅದನ್ನು ಮಾತ್ರ ನುಂಗಲಾಗಲಿಲ್ಲ. ಯಾವ ಸೀಟಿನಿಂದ ಅವಳನ್ನು ಬಿಡಿಸಿಕೊಂಡು ಬರಲು ಆಸ್ತಿ ಮಾರಿದೆನೋ ಅದೇ ಸೀಟು! ಬೇಡ ಎಂದು ಮೇಜು ಗುದ್ದಿದೆ. ಕಾಲು ಹಿಂದೆಂದೂ ಇಲ್ಲದಷ್ಟು ಬಲವಾಗಿ ಕೆಳಗಿಳಿಯಿತು. ಅವಳು ನನ್ನ ಕಡೆ ತಿರುಗಿಯೂ ನೋಡದೆ, ‘ಅದನ್ನ ಮಾತ್ರ ಖಂಡಿತ ಹಾಕಿ’ ಅಂದಳು.

ಬೆಲೆ ಇಳಿಸುವ ವಿಷಯದಲ್ಲಿ ತಾವು ಪಟ್ಟ ಶ್ರಮವನ್ನೂ ಇಲ್ಲಿ ನೆನೆಯದಿದ್ದರೆ ಕೃತಘ್ನನಾಗುತ್ತೇನೆ. ‘ಮೇಲಿನವರನ್ನ ಕೇಳ್ಕೊಂಡು ಬರ್ತೀನಿ’ ಎಂದು ತಮ್ಮ ಮಾರಾಟಗಾರರು ಪದೇಪದೇ ತಮ್ಮ ಕೋಣೆಗೆ ಬಂದರು. ಕೋಣೆ ಗಾಜಿನದು ಎಂಬುದನ್ನು ಅಲ್ಲಿ ಕೂರುವವರು ಮರೆಯುತ್ತಾರೆಂದು ಕಾಣುತ್ತದೆ. ತಾವಿಬ್ಬರೂ ಬಿಸ್ಕತ್ತು ತಿನ್ನುತ್ತ, ಫೋನಿನಲ್ಲಿ ಏನನ್ನೋ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ನಮಗೆ ಸೊಗಸಾಗಿ ಕಂಡಿತು. ಬಾಗಿಲು ದಾಟುವಷ್ಟರಲ್ಲಿ ಅವರ ಮುಖ ಸಾವಿನ ಮನೆಯಿಂದ ಬಂದವರಂತಾಗಿರುತ್ತಿತ್ತು. ‘ತುಂಬ ಕಷ್ಟಪಟ್ಟು ಒಪ್ಪಿಸಿದೆ ಸರ್’ ಎಂದು ಅವರು ಕೊನೆಗೆ ದಯಪಾಲಿಸಿದ ರಿಯಾಯಿತಿ ಒಂದು ಕೊಡೆ. ಕೊಡೆ ಬಹಳ ಚೆನ್ನಾಗಿದೆ. ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುತ್ತದೆ, ಮುಚ್ಚುವುದು ಹೇಗೆಂದು ಇನ್ನೂ ತಿಳಿದಿಲ್ಲ.

ಮರುದಿನವೇ ನಾನು ಬಂದು ಹಿಂದಿನ ಸೀಟು ತೆಗೆದುಬಿಡಿ ಎಂದು ಬೇಡಿಕೊಂಡೆ. ಸೀಟು ತೆಗೆದು ಕಾರಿನ ತೂಕ ಇಳಿಸುವುದಕ್ಕೆ ಹಗುರ ಪ್ಯಾಕೇಜು ಎಂದು ಹೆಸರು, ಹಾಕಿಸುವುದಕ್ಕಿಂತ ತೆಗೆಸುವುದಕ್ಕೇ ಹೆಚ್ಚು ಖರ್ಚು ಎಂದು ತಮ್ಮವರು ಸಮಾಧಾನವಾಗಿ ವಿವರಿಸಿದರು. ಬಾಗಿಲಿನ ಹಿಡಿಯನ್ನು ಕಿತ್ತು ಬಟ್ಟೆಯ ಪಟ್ಟಿ ಕಟ್ಟಿದರೆ ಅದಕ್ಕೂ ಹೆಚ್ಚು, ರೇಡಿಯೋ ಕಿತ್ತರೆ ಇನ್ನೂ ಹೆಚ್ಚಂತೆ. ನಾನು ಬೆರಗಾದೆ. ಇಲ್ಲದ್ದನ್ನು ಇರುವುದಕ್ಕಿಂತ ದುಬಾರಿಗೆ ಮಾರುವ ಕಲೆ ಜಗತ್ತಿನಲ್ಲಿ ತಮಗಲ್ಲದೆ ಯಾರಿಗೆ ಒಲಿದೀತು? ಇದೇ ಲೆಕ್ಕದಲ್ಲಿ ನಾನು ಪೂರ್ತಿ ಕಾರನ್ನೇ ತೆಗೆಸಿಬಿಟ್ಟರೆ ಎಷ್ಟಾಗುತ್ತದೆ ಎಂದು ಕೇಳಿದ್ದಕ್ಕೆ, ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದರು. ಇನ್ನೂ ಕೇಳುತ್ತಿದ್ದಾರೆ.

ಆದ್ದರಿಂದ ನನ್ನ ಕೋರಿಕೆಗಳು ಬಹಳ ಸಣ್ಣವು. ಬಿಸಿ ಸೀಟು, ತಣ್ಣನೆಯ ಸೀಟು, ಗಡಿಯಾರ, ಗದ್ದಲದ ಗುಂಡಿ ಏನು ಬೇಕಾದರೂ ಇಟ್ಟುಕೊಳ್ಳಿ, ಹಿಂದಿನ ಸೀಟನ್ನು ಮಾತ್ರ ಪುಕ್ಕಟೆಯಾಗಿ ಕಿತ್ತುಹಾಕಿ. ಅದು ಸಾಧ್ಯವಿಲ್ಲದಿದ್ದರೆ ಆ ಜಾಗದಲ್ಲಿ ತಮ್ಮ ಕಾಫಿ ಯಂತ್ರವನ್ನು ಶಾಶ್ವತವಾಗಿ ಕೂರಿಸಿಕೊಡಿ, ನನ್ನ ಹೆಂಡತಿ ಅಲ್ಲಿ ಕೂರದಿದ್ದರೆ ಸಾಕು. ಗ್ರಾಹಕರು ಕೂರುವ ಮೇಜಿನ ಕೆಳಗೆ ಒಂದು ಬ್ರೇಕ್ ಪೆಡಲ್ ಜೋಡಿಸಿ, ಅದನ್ನು ಒತ್ತಿದೊಡನೆ ಮಾರಾಟಗಾರರ ಬೆರಳು ನಿಲ್ಲುವ ಏರ್ಪಾಟನ್ನೂ ಮಾಡಬೇಕು. ಪೆಡಲಿಗಾಗಿ ತಾವು ಖರ್ಚು ಮಾಡಬೇಕಾಗಿಲ್ಲ. ನನ್ನ ಹಳೆಯ ಕಾರಿನದು ಶೆಡ್ಡಿನಲ್ಲಿ ಸುಮ್ಮನೆ ಬಿದ್ದಿದೆ, ಒರೆಸಿ ಕೊಡುತ್ತೇನೆ.

ಶನಿವಾರ ಬೆಳಗಿನವರೆಗೂ ತಮ್ಮ ಉದಾರ ಬುದ್ಧಿಯ ಹಾದಿ ಕಾಯುತ್ತ, ವಿಶ್ವಾಸಕ್ಕೂ ಹೆಚ್ಚುವರಿ ದುಡ್ಡಿದ್ದರೆ ಮೊದಲೇ ತಿಳಿಸಬೇಕೆಂದು ಕೋರುತ್ತ,

ಸದ್ಯಕ್ಕೆ ಪುಕ್ಕಟೆಯಾಗಿ ತಮ್ಮ ವಿಶ್ವಾಸಿ,
ಬ್ರೇಕ್ ಮೇಷ್ಟ್ರು

ತಾ.ಕ.: ಕೊಡೆಯನ್ನು ವಾಪಸು ಕೊಟ್ಟರೆ ಅದಕ್ಕೂ ಹಗುರ ಪ್ಯಾಕೇಜಿನ ಶುಲ್ಕ ಬೀಳುತ್ತದೆಯೇ?

ಇನ್ನೊಂದು ತಾ.ಕ.: ಇದನ್ನು ಬರೆಯುತ್ತಿರುವವಳು ಮೇಷ್ಟ್ರ ಮನೆಯವಳು. ಗೇಟಿನ ನೋಟೀಸು ಓದುವ ಅಭ್ಯಾಸ ನನಗಿದೆ, ಕೆಳಗೆ ಒಂದಿಷ್ಟು ಜಾಗವೂ ಉಳಿದಿತ್ತು. ವ್ಯವಸ್ಥಾಪಕರೇ, ಇವರ ಕಾಲು ಒತ್ತಿದ್ದು ಬ್ರೇಕು ಅಂತ ನನಗೆ ಮೊದಲನೇ ಸಲವೇ ಗೊತ್ತಾಯಿತು. ಆ ಕಾಲಿನ ಜೊತೆ ಸಂಸಾರ ಮಾಡಿದವಳು ನಾನು. ಅದು ಸನ್ನೆಯಲ್ಲ, ಕಾಲಿನ ಚಾಳಿ ಅಂತ ತಾವೇ ಬಾಯಿಬಿಟ್ಟು ಹೇಳಲಿ ಎಂದು ಕಾದೆ, ಹೇಳಲಿಲ್ಲ, ಹಾಗಾಗಿ ತಮಾಷೆಗೆ ಹೂಂ ಅನ್ನುತ್ತ ಹೋದೆ. ಆ ತಮಾಷೆಯ ವಸ್ತುಗಳನ್ನೆಲ್ಲ ಕಿತ್ತುಹಾಕಿ. ಸಹಿ ಇನ್ನೂ ಬಿದ್ದಿಲ್ಲ, ಕೀಳುವುದಕ್ಕೆ ದುಡ್ಡು ಕೇಳಬೇಡಿ. ಶನಿವಾರ ನಾನೊಬ್ಬಳೇ ಬರುತ್ತೇನೆ, ಪಾದ ಒತ್ತುವವರು ಜೊತೆಗಿರುವುದಿಲ್ಲ. ಬಿಸ್ಕತ್ತನ್ನು ಹೊರಗೆ ತಂದಿಡಿ, ಅಲ್ಲೇ ಕೂತು ಬೆಲೆ ಮಾತಾಡೋಣ. ಹಿಂದಿನ ಸೀಟು ಮಾತ್ರ ಇರಲಿ, ಅದಕ್ಕೆ ಮನಸಾರೆ ಹೂಂ ಅಂದಿದ್ದೆ. ಎದುರು ರಸ್ತೆಯ ಮೇಡಂ ಹತ್ತಿರ ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದೇನೆ. ಅವತ್ತು ಕೈಚೀಲದಲ್ಲಿದ್ದದ್ದು ಕರ್ಚೀಫಲ್ಲ. ಪಕ್ಕದಲ್ಲಿ ಕೂರಿಸಿಕೊಳ್ಳುವ ಆಸೆಯನ್ನು ಓದಿ ಗೇಟಿನ ಮುಂದೆಯೇ ನನ್ನ ಕಣ್ಣು ತುಂಬಿತು. ಆದರೂ ಮೊದಲು ಕಾರು ಓಡಿಸುವವಳು ನಾನು, ಹಿಂದೆ ಕೂರುವವರು ಅವರು, ತರಕಾರಿ ಚೀಲ ಅವರ ತೊಡೆಯ ಮೇಲೆ. ಕಾಲು ಸುಮ್ಮನಿಡುವುದನ್ನು ಕಲಿತ ದಿನ ನಾನೇ ಮುಂದಕ್ಕೆ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಆ ಆಸೆ ನನಗೂ ಅಷ್ಟೇ ವರ್ಷದಿಂದ ಇದೆ.