ನಲವತ್ತೆರಡು ಡಿಗ್ರಿ ನೀರಿನಲ್ಲಿ ವಿಲ್ಸನ್ ಪಿಂಟೊ

ಬಸ್ಸಿನಲ್ಲಿ ಕಿರಿಯ ಸಹೋದ್ಯೋಗಿ ಅಭಯ್ ಪಕ್ಕಕ್ಕೆ ಬಂದು ಕೂರದೆ ಇದ್ದಿದ್ದರೆ, ವಿಲ್ಸನ್ ಪಿಂಟೊ ಆ ಶುಕ್ರವಾರ ಎಲ್ಲರ ಹಾಗೆ ಸ್ನಾನ ಮಾಡಿ, ಉಂಡು, ಸುಖವಾಗಿ ಮನೆ ಸೇರುತ್ತಿದ್ದ.

ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನ ಒಂದು ಸಣ್ಣ ಡಿಸೈನ್ ಕಂಪನಿಯ ಹನ್ನೊಂದು ಜನ, ಮೂರು ಗಂಟೆ ದೂರದ ಸರೋವರದ ದಂಡೆಯಲ್ಲಿದ್ದ ಜಪಾನಿ ಸ್ನಾನಗೃಹಕ್ಕೆ ಹೊರಟಿದ್ದರು. ನವೆಂಬರ್ ತಿಂಗಳು. ಸೂರ್ಯ ಸಹಿ ಹಾಕಿ ಹೋಗುವ ಗುಮಾಸ್ತನಂತೆ ಹತ್ತು ಗಂಟೆಗೆ ಮುಖ ತೋರಿಸಿ ಮರೆಯಾಗಿದ್ದ. ಜಪಾನಿನಲ್ಲಿ ಭೂಮಿಯೊಳಗಿಂದ ಉಕ್ಕುವ ಬಿಸಿನೀರು ಇಲ್ಲಿ ಬಾಯ್ಲರಿನಿಂದ ಬರುತ್ತದೆ, ಉಳಿದದ್ದೆಲ್ಲ ಅಲ್ಲಿಯ ಹಾಗೆಯೇ ಎಂದು ಮ್ಯಾನೇಜರ್ ಯೋರಾನ್ ಮೇಲ್ ಕಳಿಸಿದ್ದ.

"ಸರ್, ಒಂದ್ ವಿಷ್ಯ. ಯಾರಿಗೂ ಹೇಳ್ಬೇಡಿ," ಎಂದು ಅಭಯ್ ಕಿವಿಯ ಹತ್ತಿರ ಬಗ್ಗಿದ. "ನಿನ್ನೆ ಫಿಕಾ ಕಾಫಿ ಟೈಮಲ್ಲಿ ಯೋರಾನ್ ಲ್ಯಾಪ್‌ಟಾಪ್ ಓಪನ್ ಇತ್ತು. 'ಒಬ್ಬರನ್ನು ತೆಗೆಯಬೇಕು. ಸ್ನಾನದ ಹೊತ್ತಿಗೆ ವಿಲ್ಸನ್ ಜೊತೆ ಮಾತು' ಅಂತ ಬರ್ದಿತ್ತು."

"ಎಂತದು ಮಾರಾಯ!" ವಿಲ್ಸನ್‌ನ ಬಾಯಿಂದ ಉಡುಪಿ ಹಾಗೇ ಹೊರಬಿತ್ತು.

ಕೆಲಸ ಹೋದರೆ ವರ್ಕ್ ಪರ್ಮಿಟ್ಟೂ ಹೋಗುತ್ತದೆ. ಕಾಯಂ ವಾಸದ ಅರ್ಜಿ ಹಾಕಲು ಇನ್ನು ನಾಲ್ಕೇ ತಿಂಗಳಿತ್ತು. ಮಗಳು ಜೆಸಿಕಾ ಒಂಬತ್ತನೇ ತರಗತಿ. ಕನಸಿನಲ್ಲೂ ಸ್ವೀಡಿಷ್‌ನಲ್ಲಿ ಬಡಬಡಿಸುವ ಹುಡುಗಿಯನ್ನು ಈಗ ಎಲ್ಲಿಗೆ ಕರೆದುಕೊಂಡು ಹೋಗುವುದು?

"ಒಂದೇ ದಾರಿ ಸರ್," ಎಂದ ಅಭಯ್. "ಈ ದೇಶದವ್ರು ನಾಲ್ಕು ಜನರ ಮುಂದೆ ಕೆಟ್ಟ ಸುದ್ದಿ ಹೇಳಲ್ಲ. ನೀವು ಒಬ್ರೇ ಸಿಗ್ಬೇಡಿ. ಇವತ್ತು ತಿಂಗಳ ಕೊನೇ ದಿನ, ನೋಟಿಸ್ ಕೊಡೋದಾದ್ರೆ ಇವತ್ತೇ ಕೊಡ್ಬೇಕು. ಐದು ಗಂಟೆಗೆ ಬಸ್ ಹತ್ತಿಬಿಟ್ರೆ ಮುಂದಿನ ತಿಂಗಳವರೆಗೂ ಸೇಫ್."

ನೀರಿಗಿಳಿಯುವ ಮೊದಲು ಪುಟ್ಟ ಸ್ಟೂಲಿನ ಮೇಲೆ ಬೆತ್ತಲೆ ಕೂತು ಮೈ ತೊಳೆಯಬೇಕು, ಅದು ನಿಯಮ. ತೊಂಬತ್ತು ಕಿಲೋದ ವಿಲ್ಸನ್ ಆ ಸ್ಟೂಲಿನ ಮೇಲೆ, ಲೋಟದ ಮೇಲೆ ಕುಂಬಳಕಾಯಿ ಇಟ್ಟ ಹಾಗೆ ಕೂತು ಸೋಪು ಹಚ್ಚುತ್ತಿದ್ದಾಗ ಪಕ್ಕದ ಸ್ಟೂಲ್ ಕಿರುಗುಟ್ಟಿತು. ಯೋರಾನ್!

"ವಿಲ್ಸನ್, ಒಂದೈದು ನಿಮಿಷ ಸಿಗ್ತೀರಾ?"

ವಿಲ್ಸನ್ ಬಕೆಟ್ಟಿನ ನೀರನ್ನೆಲ್ಲ ತಲೆಯ ಮೇಲೆ ಸುರಿದುಕೊಂಡ. ಕಿವಿ ತೋರಿಸಿ, ನೀರು ಹೋಗಿದೆ, ಏನೂ ಕೇಳುತ್ತಿಲ್ಲ ಎಂದು ಸನ್ನೆ ಮಾಡಿ ಎದ್ದ. ಸೋಪು ಕಾಲಡಿಯಲ್ಲಿತ್ತು. ಬಿದ್ದ ರಭಸಕ್ಕೆ ಬಾಗಿಲವರೆಗೂ ಜಾರಿಕೊಂಡೇ ಹೋದ. ಆ ಮಟ್ಟಿಗೆ ಲಾಭವೇ ಆಯಿತು.

ಚಡ್ಡಿ ಏರಿಸಿ ಹೊರಗಿನ ಕೊಳಕ್ಕಿಳಿದರೆ ನೀರು ನಲವತ್ತೆರಡು ಡಿಗ್ರಿ. ಯೋರಾನ್ ಅಲ್ಲಿಗೂ ಬಂದ. ವಿಲ್ಸನ್ ಗುರುತು ಪರಿಚಯವಿಲ್ಲದ ಮುದುಕ ದಂಪತಿಯ ನಡುವೆ ನುಗ್ಗಿ ಕೂತು ಹವಾಮಾನದ ಬಗ್ಗೆ ಮಾತು ತೆಗೆದ. ಸ್ವೀಡನ್ನಿನಲ್ಲಿ ಅಪರಿಚಿತರನ್ನು ಮಾತಾಡಿಸುವವರನ್ನು ಜನ ಕುಡುಕರೆಂದೇ ತಿಳಿಯುತ್ತಾರೆ. ದಂಪತಿ ಎದ್ದು ಹೋದರು. ವಿಲ್ಸನ್ ಸೌನಾದ ಬಿಸಿಹಬೆಯ ಕೋಣೆಗೆ ಓಡಿ ಬಾಗಿಲೆಳೆದುಕೊಂಡ.

ಗಾಜಿನಾಚೆ ಯೋರಾನ್ ಬೆಂಚಿನ ಮೇಲೆ ಕೂತು ಕಾಯತೊಡಗಿದ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ವಿಲ್ಸನ್ ಬಾಳೆಲೆಯೊಳಗಿನ ಕಡುಬಿನಂತೆ ಬೆಂದ. ಇನ್ನು ತಾಳಲಾರೆನೆನಿಸಿದಾಗ ಹೊರಗೆ ಹಾರಿ, ಯೋರಾನ್ ಬಾಯಿ ತೆರೆಯುವಷ್ಟರಲ್ಲಿ ತಣ್ಣೀರ ತೊಟ್ಟಿಗೆ ಧುಮುಕಿದ. ಎದೆ ಒಂದು ಕ್ಷಣ ನಿಂತೇ ಹೋಯಿತು. ಯೇಸುವೇ ಎಂದು ಮೇಲೆ ಬಂದವನಿಗೆ ಎದುರಿಗೊಂದು ಫಲಕ ಕಂಡಿತು: ಮೌನದ ಕೋಣೆ, ಇಲ್ಲಿ ಮಾತು ನಿಷಿದ್ಧ. ದೇವರೇ ಬರೆಸಿಟ್ಟಂತಿತ್ತು.

ಒಳಗೆ ಚಾಪೆಗಳು, ಮಂದ ದೀಪ. ನಿಲುವಂಗಿ ಸುತ್ತಿಕೊಂಡು ನಡುಗುತ್ತ ಮಲಗಿದ. ಸ್ವಲ್ಪ ಹೊತ್ತಿಗೆ ಯೋರಾನ್ ಬಂದು ಪಕ್ಕದ ಚಾಪೆಯ ಮೇಲೆ ಕೂತ. ಮಾತಾಡುವಂತಿಲ್ಲ, ಕಿಟಕಿಯಾಚೆಯ ಕಪ್ಪು ನೀರನ್ನೇ ನೋಡುತ್ತ ಕೂತಿದ್ದ. ಗಂಟೆ ನಾಲ್ಕಾಗಿತ್ತು. ವಿಲ್ಸನ್ ಓರೆಗಣ್ಣಿನಿಂದ ನೋಡಿದ. ಯೋರಾನ್‌ನ ಕಣ್ಣುಗಳು ಒದ್ದೆಯಾಗಿದ್ದವು. ಟವೆಲಿನ ತುದಿಯಿಂದ ಕದ್ದು ಒರೆಸಿಕೊಳ್ಳುತ್ತಿದ್ದ.

ವಿಲ್ಸನ್‌ಗೆ ನಾಚಿಕೆಯಾಯಿತು. ನನ್ನ ಅನ್ನ ಕಸಿಯುವುದಕ್ಕೆ ಈ ಮನುಷ್ಯ ಇಷ್ಟು ಸಂಕಟಪಡುತ್ತಿದ್ದಾನೆ, ನಾನೋ ಕಳ್ಳನ ಹಾಗೆ ಅವನನ್ನು ಬೆಳಗಿನಿಂದ ಅಲೆದಾಡಿಸಿದೆ. ಆಗುವುದು ಆಗಿಯೇ ತೀರುತ್ತದೆ. ಮರ್ಯಾದೆಯಿಂದಾದರೂ ಆಗಲಿ.

ಎದ್ದು ಯೋರಾನ್‌ನ ಭುಜ ಮುಟ್ಟಿ ಹೊರಗೆ ಕರೆದ.

"ಯೋರಾನ್, ನೀವು ಏನು ಹೇಳಬೇಕಂತಿದ್ದೀರಿ ಅಂತ ನನಗೆ ಗೊತ್ತು. ಒಬ್ಬರು ಹೋಗಬೇಕು. ಬೇಜಾರು ಮಾಡ್ಕೊಳ್ಬೇಡಿ. ನಾನು ಹೋಗ್ತೇನೆ."

ಯೋರಾನ್ ದಿಗ್ಭ್ರಮೆಯಿಂದ ನೋಡಿದ. ಆಮೇಲೆ ಅವನ ಎರಡೂ ಕೈ ಹಿಡಿದುಕೊಂಡ.

"ವಿಲ್ಸನ್, ಅಭಯ್‌ನನ್ನ ತೆಗೆಯೋದಾ ಅಂತ ನಿಮ್ಮ ಅಭಿಪ್ರಾಯ ಕೇಳೋಣ ಅಂತ ಬೆಳಗಿನಿಂದ ಹುಡುಕ್ತಿದ್ದೆ. ನೀವು ಹಿರಿಯರು, ನೀವಿಲ್ಲದೆ ನಮ್ಮ ವಿಭಾಗ ನಡೆಯೋದೇ ಇಲ್ಲ ಅಂದ್ಕೊಂಡಿದ್ದೆ. ಪಾಪ, ಹೊಸದಾಗಿ ಮದುವೆ ಆದ ಹುಡುಗ, ಹೇಗೆ ಹೇಳೋದು ಅಂತ ನಿದ್ದೆ ಇರಲಿಲ್ಲ. ಅವನಿಗೋಸ್ಕರ ನೀವು... ಇಂಥ ಮನುಷ್ಯನನ್ನ ನಾನು ನೋಡೇ ಇಲ್ಲ!"

"ಅಲ್ಲ, ನಾನು ಹೇಳಿದ್ದು..." ಎಂದು ವಿಲ್ಸನ್ ಬಾಯಿ ತೆರೆದ. ಅಷ್ಟರಲ್ಲಿ ಯೋರಾನ್ ಅವನನ್ನು ಎಳೆದುಕೊಂಡೇ ಕಾಫಿಯ ಮೇಜಿಗೆ ಹೋಗಿ, ಎಲ್ಲರೆದುರು ಸುದ್ದಿ ಹೇಳಿಯೂ ಆಗಿತ್ತು. ನಿಲುವಂಗಿ ತೊಟ್ಟ ಒಂಬತ್ತು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಾರೋ ಮೂಗು ಒರೆಸಿಕೊಂಡರು. ಅಷ್ಟು ಚಪ್ಪಾಳೆಯ ನಡುವೆ, ಇಲ್ಲ, ನನಗೆ ಕೆಲಸ ಬೇಕು ಎನ್ನಲು ವಿಲ್ಸನ್‌ಗೆ ನಾಲಿಗೆ ಏಳಲಿಲ್ಲ.

ಅಭಯ್ ಓಡಿ ಬಂದು ತಬ್ಬಿಕೊಂಡ. ಅತ್ತು ಕಣ್ಣು ಕೆಂಪಾಗಿತ್ತು.

"ಸರ್, ನಿಮ್ಮ ಋಣ ಈ ಜನ್ಮದಲ್ಲಿ ತೀರಲ್ಲ," ಎಂದ. ಆಮೇಲೆ ಗಡಿಯಾರ ನೋಡಿ, ಪ್ರೀತಿಯಿಂದ ಅವನ ಬೆನ್ನು ಸವರಿದ. "ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆ. ಬೆಳಗ್ಗಿಂದ ನೀವು ನೆಟ್ಟಗೆ ನೀರಲ್ಲೇ ಕೂತಿಲ್ಲ. ಹೋಗಿ ಸರ್, ಆರಾಮಾಗಿ ನೆನೀರಿ. ಇನ್ನು ನಿಮಗೇನು ಟೆನ್ಷನ್?"