ಟ್ಯಾಕ್ಸ್ ಫಾರ್ಮಿನಲ್ಲಿ ಅತ್ತೆ

ಗಂಡನನ್ನು ಉಳಿಸಿಕೊಂಡು ಅತ್ತೆಯನ್ನು ದೂರವಿಡಲು ಹೆಣಗುವ ಹೆಂಗಸರನ್ನು ಬೇಕಾದಷ್ಟು ನೋಡಿದ್ದೇನೆ. ನನ್ನ ವಿಷಯದಲ್ಲಿ ಎಲ್ಲಾ ಉಲ್ಟಾ ಆಯಿತು. ಡಿವೋರ್ಸ್ ಆಗಿ ಗಂಡ ವರ್ಜೀನಿಯಾದ ಶ್ಯಾಂಟಿಲಿಗೆ ಹೊರಟುಹೋದರು. ಅವರ ತಾಯಿ ಡುಲುತ್‌ನ ನನ್ನ ಅಪಾರ್ಟ್‌ಮೆಂಟಿನಲ್ಲೇ ಉಳಿದರು. ಮಗನ ಮನೆಯಲ್ಲಿ ದಿನವೆಲ್ಲಾ ಗೋಡೆ ನೋಡಿಕೊಂಡು ಕೂರಲು ತಮ್ಮ ಕೈಲಾಗುವುದಿಲ್ಲ, ಇಲ್ಲಾದರೆ ಮಗು ಇದೆ ಎಂದರು. ನಾನು ಸ್ಕೂಲಿನ ಕೆಫೆಟೀರಿಯಾದ ಕೆಲಸ ಮುಗಿಸಿ ಬರುವಷ್ಟರಲ್ಲಿ ನನ್ನ ಮಗಳು ಅನುವಿಗೆ ತಿಂಡಿ ಕೊಟ್ಟು, ಟಿವಿಯಲ್ಲಿ ಕುಸ್ತಿ ನೋಡುತ್ತಾ ಕೂತಿರುತ್ತಿದ್ದರು. ಇಂಗ್ಲಿಷ್ ಬಾರದ ಅವರಿಗೆ ಪೂರ್ತಿ ಅರ್ಥವಾಗುತ್ತಿದ್ದುದು ಕುಸ್ತಿ ಒಂದೇ. ಕೆಂಪು ಚಡ್ಡಿಯವನು ಶುದ್ಧ ಮೋಸಗಾರ ಎಂದು ನನಗೆ ವರದಿ ಒಪ್ಪಿಸುತ್ತಿದ್ದರು.

ಹೋದ ಆಗಸ್ಟಿನಲ್ಲಿ ಅವರು ತೀರಿಕೊಂಡರು. ಸಾಂತ್ವನದ ಫೋನುಗಳೆಲ್ಲ ಶ್ಯಾಂಟಿಲಿಗೆ ಹೋದವು. ಹೋಗಬೇಕಾದದ್ದೇ. ನನ್ನ ಜೊತೆ ಕೆಲಸ ಮಾಡುವವರಿಗೆ ಹೇಳಿದಾಗ ಅವರು ಮೊದಲು ಗಾಬರಿಯಾಗಿ, ಆಮೇಲೆ ಬಿಟ್ಟ ಗಂಡನ ತಾಯಿ ತಾನೇ ಎಂದು ಸಮಾಧಾನಪಟ್ಟುಕೊಂಡರು. ಅವರಿಗೆ ಸಮಾಧಾನವಾಯಿತಲ್ಲ ಎಂದು ನಾನೂ ಟ್ರೇಗಳನ್ನು ಜೋಡಿಸಲು ಹೋದೆ.

ಟ್ಯಾಕ್ಸ್ ಕಾಲ ಬಂತು. ಮಕ್ಕಳಿದ್ದವರಿಗೆ ತೆರಿಗೆಯಲ್ಲಿ ಹೊಸದಾಗಿ ಕ್ರೆಡಿಟ್, ಅಂದರೆ ಕಡಿತ, ಕೊಡಲು ಶುರುಮಾಡಿದ ವರ್ಷ ಅದು. ಅದುವರೆಗೆ ಮಗಳ ಹೆಸರನ್ನು ನಾನು, ಅತ್ತೆಯ ಹೆಸರನ್ನು ಅವರ ಮಗ ನಮ್ಮ ನಮ್ಮ ಫಾರ್ಮಿನಲ್ಲಿ ಆಶ್ರಿತರೆಂದು ಬರೆದುಕೊಳ್ಳುತ್ತಿದ್ದೆವು. ಈ ಸಲ ಶ್ಯಾಂಟಿಲಿಯಿಂದ ಒಂದು ಕಾಗದ ಬಂತು: ಅನುವಿನ ಹೆಸರನ್ನು ಅವಳ ಅಪ್ಪನಿಗೆ ಬಿಟ್ಟುಕೊಟ್ಟಿದ್ದೇನೆಂದು ನಾನು ಸಹಿ ಹಾಕಬೇಕಂತೆ. ನನಗೆ ಮೈಯೆಲ್ಲಾ ಉರಿಯಿತು. ಕಾಗದ ಹಿಡಿದುಕೊಂಡು ಪಕ್ಕದ ಊರು ಜಾನ್ಸ್ ಕ್ರೀಕ್‌ನ ನಾಗರಾಜ್ ಅಂಕಲ್ ಮನೆಗೆ ಹೋದೆ. ಅವರು ರಿಟೈರಾದ ರಸಾಯನಶಾಸ್ತ್ರಜ್ಞರು. ನಮ್ಮವರ ಟ್ಯಾಕ್ಸ್ ಫಾರ್ಮುಗಳನ್ನು ತಮ್ಮ ಊಟದ ಮೇಜಿನ ಮೇಲೆ, ಆಸಿಡ್ ಬಾಟಲಿ ಮುಟ್ಟುವಷ್ಟು ಜಾಗ್ರತೆಯಿಂದ ತುಂಬಿಕೊಡುತ್ತಾರೆ.

ಮಗು ನನ್ನ ಹತ್ತಿರ ಇರುವುದರಿಂದ ಸಹಿ ಹಾಕಲೇಬೇಕೆಂದಿಲ್ಲ ಎಂದರು. ನನಗೆ ಜೀವ ಬಂತು. ಹೋದ ವರ್ಷ ಮನೆಯಲ್ಲಿ ಬೇರೆ ಯಾರಿದ್ದರು, ಊಟ ಔಷಧಿ ಯಾರದ್ದು ಎಂದು ಕೇಳಿದರು. ಅತ್ತೆ ಇದ್ದರು, ಖರ್ಚೆಲ್ಲಾ ನನ್ನದೇ ಎಂದೆ.

"ಹಾಗಾದ್ರೆ ತೀರಿಕೊಂಡ ವರ್ಷಕ್ಕೆ ಅವರ ಹೆಸರೂ ನೀನೇ ಬರೀಬೇಕಮ್ಮ."

"ಡಿವೋರ್ಸ್ ಆಗಿದೆಯಲ್ಲ ಅಂಕಲ್."

"ಗಂಡನಿಂದ ಆಗಿದೆ. ಅತ್ತೆಯಿಂದ ಆಗಲ್ಲ. ಇಲ್ಲಿ ಟ್ಯಾಕ್ಸ್ ಕಾನೂನೇ ಹಾಗಿದೆ."

ಇಷ್ಟು ವರ್ಷ ಮಗನೇ ಬರೆದುಕೊಳ್ಳುತ್ತಿದ್ದರು ಎಂದೆ. ಆ ತಪ್ಪು ಲೆಕ್ಕ ತಮಗೆ ಕೇಳಿಸಲಿಲ್ಲ ಎಂದು ಅಂಕಲ್ ಕನ್ನಡಕ ಒರೆಸಿಕೊಂಡರು. ಒಂದೇ ಹೆಸರನ್ನು ಇಬ್ಬರೂ ಬರೆದರೆ ಇಬ್ಬರಿಗೂ ಸರ್ಕಾರದ ನೋಟೀಸು ಬರುತ್ತದೆ, ಮೊದಲು ಮಾತಾಡಿಕೊಳ್ಳಿ ಎಂದರು. ನನಗೆ ನೋಟೀಸಿನ ಭಯಕ್ಕಿಂತ ಆ ಮಾತುಕತೆಯ ಭಯವೇ ಹೆಚ್ಚಾಯಿತು.

ಮನೆಗೆ ಬಂದವಳೇ ಫೋನ್ ಮಾಡಿದೆ. ಎದುರು ಹೋಂವರ್ಕ್ ಮಾಡುತ್ತಿದ್ದ ಅನು ಪೆನ್ಸಿಲ್ ಕೆಳಗಿಟ್ಟಳು. ಸಹಿ ಹಾಕುವುದಿಲ್ಲ, ಅತ್ತೆಯ ಹೆಸರೂ ಈ ವರ್ಷ ನನ್ನದೇ ಎಂದು ಉಸಿರು ತೆಗೆದುಕೊಳ್ಳದೆ ಹೇಳಿಬಿಟ್ಟೆ. ಅವರು ಕೂಗಾಡಿದರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಾರಿನಲ್ಲಿ ಜೋಡಿಸಿಕೊಂಡಿದ್ದೆ. ಅವರು ಕೂಗಾಡಲಿಲ್ಲ.

"ಅಮ್ಮನೂ ನಿನ್ನವಳು, ಮಗಳೂ ನಿನ್ನವಳು. ಸರಿ. ಫಾರ್ಮಲ್ಲಿ ನಾನೊಬ್ನೇ ಇರ್ತೀನಿ ಬಿಡು."

ಮಾತಿಗೆ ಮಾತು ಬೆಳೆಸುವವರೊಡನೆ ಹೇಗಾದರೂ ಏಗಬಹುದು, ಸೋಲೊಪ್ಪಿಕೊಂಡವರೊಡನೆ ಆಗುವುದಿಲ್ಲ. ನಾನು ಅನುವಿನ ಮುಖ ನೋಡಿದೆ.

"ಅನು ಹೆಸರು ನೀವು ಬರ್ಕೊಳ್ಳಿ," ಎಂದೆ. "ಅತ್ತೇನ ಮಾತ್ರ ಕೊಡಲ್ಲ."

ಮರುದಿನ ಅಂಕಲ್ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಹೊಸ ಕ್ರೆಡಿಟ್ ಇರುವುದು ಮಗುವಿಗೆ, ಅತ್ತೆಗಲ್ಲ; ಇದು ನನಗೆ ಶುದ್ಧ ಲಾಸು ಎಂದು ಪೆನ್ನಿನಿಂದ ಮೇಜು ಕುಟ್ಟಿ ಕುಟ್ಟಿ ವಿವರಿಸಿದರು. ಮಗಳ ಹೆಸರು ಮುಂದಿನ ವರ್ಷವೂ ಬರೆಯಬಹುದು, ಅತ್ತೆಗೆ ಇದೇ ಕಡೆಯದು ಎಂದೆ. ಅವರು ಸಂಬಂಧ ಕೇಳಿದ್ದ ಜಾಗದಲ್ಲಿ ಮದರ್ ಇನ್ ಲಾ ಎಂದು ದುಂಡಗೆ ಬರೆದರು. ಅತ್ತೆ ಹೋದ ಮೇಲೆ ಆ ಸಂಬಂಧವನ್ನು ನನ್ನ ಪರವಾಗಿ ಒಪ್ಪಿಕೊಂಡವರು ಅಂಕಲ್ ಮತ್ತು ಅಮೆರಿಕದ ತೆರಿಗೆ ಇಲಾಖೆ, ಇಬ್ಬರೇ.

ನನ್ನ ಫಾರ್ಮು, ಶ್ಯಾಂಟಿಲಿಗೆ ಸಹಿ ಹಾಕಿದ ಕಾಗದ, ಎರಡು ಕವರುಗಳನ್ನೂ ಪೋಸ್ಟ್ ಮಾಡಿ ಬರುವಾಗ ಕಾರಿನಲ್ಲಿ ಅನು ನನ್ನ ಕಡೆ ತಿರುಗಿದಳು.

"ಅಮ್ಮಾ, ಡಿಡ್ ಯೂ ಆಸ್ಕ್ ಅಜ್ಜಿ?"

"ಅಜ್ಜೀನ ಹೇಗೆ ಕೇಳೋದು ಪುಟ್ಟಾ?"

"ಕೇಳಿದ್ರೆ ಅಜ್ಜಿ ಡ್ಯಾಡೀನ ಪಿಕ್ ಮಾಡ್ತಿದ್ರು. ಐ ನೋ."

ನನಗೂ ಗೊತ್ತಿತ್ತು. ನನ್ನ ಕೈಯ ಅನ್ನ ಉಂಡು, ನನ್ನೆದುರಿಗೇ ಮಗನನ್ನು ಹೊಗಳುತ್ತಿದ್ದ ಹೆಂಗಸು ಅವರು. ಪುಣ್ಯಕ್ಕೆ ಹೆಸರು ಬರೆಸಿಕೊಂಡವರ ಒಪ್ಪಿಗೆ ಕೇಳುವ ಜಾಗ ಆ ಫಾರ್ಮಿನಲ್ಲಿ ಎಲ್ಲೂ ಇರಲಿಲ್ಲ. ಇದ್ದಿದ್ದರೂ, ಇಂಗ್ಲಿಷ್ ಅಷ್ಟಾಗಿ ಬಾರದವಳಂತೆ ನಾನು ಮುಂದಿನ ಪುಟಕ್ಕೆ ಹೋಗಿಬಿಡುತ್ತಿದ್ದೆ.