ಊರಿಗಾಮಿನ ಮರುಭೂಮಿಯಲ್ಲೊಂದು ಕೋಳಿಮನೆ

ಮೊದಲಿಗೇ ಓದುಗರ ಕ್ಷಮೆ ಕೋರಿಬಿಡುತ್ತೇನೆ. ಈ ಬರಹದಲ್ಲಿ ವಿಷಯ ದಾರಿ ತಪ್ಪಬಹುದು, ಗಾಂಭೀರ್ಯವಿರಬೇಕಾದ ಕಡೆ ನಗು ನುಗ್ಗಬಹುದು, ಕೋಳಿಗಳು ತಮ್ಮ ಯೋಗ್ಯತೆಗೆ ಮೀರಿದ ಜಾಗವನ್ನು ಆಕ್ರಮಿಸಿಕೊಳ್ಳಬಹುದು. ನಮ್ಮ ವಂಶದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗನಾದ್ದರಿಂದ, ಬರೆದದ್ದನ್ನು ತಿದ್ದಿಕೊಡಬಲ್ಲ ಹಿರಿಯರು ಮನೆಯಲ್ಲಿ ಯಾರೂ ಇಲ್ಲ. ಮನೆಯ ಮೊದಲ ಪದವೀಧರನಾಗುವ ಕಷ್ಟವನ್ನು ಅನುಭವಿಸಿದವರೇ ಬಲ್ಲರು. ಗೋಡೆಯ ಗಡಿಯಾರ ನಿಂತರೂ, ಪಕ್ಕದ ಮನೆಯ ಮಗುವಿಗೆ ಬಿಕ್ಕಳಿಕೆ ಹತ್ತಿದರೂ, "ಬೀಏ ಓದವ್ನಲ್ಲ, ಅವನ್ನ ಕೇಳಿ" ಎಂದು ಜನ ನಮ್ಮ ಬಾಗಿಲಿಗೆ ಬರುತ್ತಿದ್ದರು. ನಾನು ಓದಿದ್ದು ತರ್ಕಶಾಸ್ತ್ರ. ಬಿಕ್ಕಳಿಕೆಯ ವಿಷಯದಲ್ಲಿ ತರ್ಕಶಾಸ್ತ್ರವು ಸಂಪೂರ್ಣ ಮೌನ ವಹಿಸಿದೆ. ಆದರೂ "ಗೊತ್ತಿಲ್ಲ" ಎನ್ನಲು ಧೈರ್ಯ ಸಾಲದೆ, ಗಂಟಲು ಸರಿಪಡಿಸಿಕೊಂಡು ಏನಾದರೊಂದು ಸಲಹೆ ಕೊಟ್ಟೇ ತೀರುತ್ತಿದ್ದೆ.

ಬೌರಿಂಗ್‌ಪೇಟೆಯು ಬಂಗಾರಪೇಟೆಯಾಗಿದ್ದರೂ ಮುದುಕರ ಬಾಯಲ್ಲಿ ಇನ್ನೂ ಆಗದಿದ್ದ ಕಾಲ ಅದು. ನಾನು ದಿನವೂ ರೈಲಿನಲ್ಲಿ ಅಲ್ಲಿಗೆ ಹೋಗಿ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡುತ್ತಿದ್ದೆ. ನಮ್ಮ ವಾಸ ಕೋಲಾರದ ಚಿನ್ನದ ಗಣಿಗೆ ಸೇರಿದ ಊರಿಗಾಮಿನಲ್ಲಿ, ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿ, ತಗಡಿನ ಛಾವಣಿಯ ಕೆಳಗೆ. ತಂದೆಯವರಿಗೆ ಗಣಿಯಲ್ಲಿ ರಾತ್ರಿ ಪಾಳಿ. ಹಗಲು ಮಲಗೋಣವೆಂದರೆ ಬೇಸಿಗೆಯ ತಗಡು ರೊಟ್ಟಿಯ ಹಂಚಿನಂತೆ ಕಾಯುತ್ತಿತ್ತು. ಅದು ಸಾಲದೆಂಬಂತೆ ತಾಯಿಯವರ ಕೋಳಿಗಳು. ಗಣಿಗೆ ಸಿಡಿಮದ್ದು ಬರುತ್ತಿದ್ದ ಹಳೆಯ ಮರದ ಪೆಟ್ಟಿಗೆಯೇ ಅವುಗಳ ಗೂಡು. ಬಿಸಿಲೇರಿದೊಡನೆ ಪೆಟ್ಟಿಗೆಯೊಳಗೆ ಕೂರಲಾರದೆ ಅವೆಲ್ಲ ಮನೆಯೊಳಗೆ ಬಂದು ತಂದೆಯವರ ಮಂಚದ ಕೆಳಗೆ ಸಭೆ ಸೇರುತ್ತಿದ್ದವು. ಸಭಾಧ್ಯಕ್ಷ ಒಂದು ಕೆಂಪು ಹುಂಜ. ಗಣಿಯ ಅಧಿಕಾರಿಯಂತೆ ಎದೆ ಮುಂದೆ ಮಾಡಿ ನಡೆಯುತ್ತಿದ್ದುದರಿಂದ ಅದಕ್ಕೆ 'ದೊರೆ' ಎಂದು ಹೆಸರು. ತಂದೆಯವರ ಕಣ್ಣು ಅಂಟುವ ಹೊತ್ತಿಗೆ ಸರಿಯಾಗಿ ದೊರೆ ಕೂಗುತ್ತಿತ್ತು.

ಒಂದು ಬೆಳಿಗ್ಗೆ ತಂದೆಯವರು ರಾಗಿಮುದ್ದೆಯ ಮುಂದೆ ಕುಳಿತು, ಯಾರದೋ ಕಥೆ ಹೇಳುವಂತೆ ಹೇಳಿದರು: "ರಾತ್ರಿ ಕೇಜಿನತ್ರ ನಿಂತಂಗೇ ಕಣ್ ಮುಚ್ಕಂಡ್ಬುಟ್ಟಿದ್ನಂತೆ ಕಣಮ್ಮಿ. ಮೇಸ್ತ್ರಿ ಕಾಲರ್ ಇಡ್ದು ಎಳ್ಕಂಡ."

ಕೇಜೆಂದರೆ ಆಳುಗಳನ್ನು ಪಾತಾಳಕ್ಕಿಳಿಸುವ ಕಬ್ಬಿಣದ ತೊಟ್ಟಿಲು. ಅದರ ಬಾಯಿಯ ಬಳಿ ತೂಕಡಿಸುವುದೆಂದರೇನೆಂದು ಲೈನಿನಲ್ಲಿ ಯಾರಿಗೂ ವಿವರಿಸಬೇಕಿರಲಿಲ್ಲ. ತಾಯಿಯವರು ಸಾರಿನ ಸೌಟನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ನೀನು ಓದಿರೋನು. ಆ ಕೋಳಿಗೋಳು ಒಳಕ್ಕೆ ಬರ್ದಂಗೆ ಏನಾದ್ರೂ ಮಾಡಪ್ಪ. ಇವ್ರು ಮಲಗ್ಬೇಕು."

ಗಂಟಲು ಸರಿಪಡಿಸಿಕೊಂಡೆ.

ನಮ್ಮ ಕಚೇರಿಗೆ ಹೇಗೋ ಬಂದು ಬಿದ್ದಿದ್ದ ಕಾಗದಗಳ ರಾಶಿಯಲ್ಲಿ, ಉಷ್ಣ ಮರುಭೂಮಿಯಲ್ಲಿ ಸರಳ ಕೋಳಿಮನೆ ಕಟ್ಟುವ ಕ್ರಮವನ್ನು ತಿಳಿಸುವ ಪುಸ್ತಿಕೆಯೊಂದಿತ್ತು. ಕೋಲಾರ ಸೀಮೆ ಮರುಭೂಮಿಯೇ ಎಂದು ಕೇಳುವವರಿಗೆ ನನ್ನ ಬಳಿ ಉತ್ತರ ಸಿದ್ಧವಿತ್ತು. ಮರುಭೂಮಿಯಲ್ಲಿ ಮರಳಿನ ದಿಬ್ಬಗಳೂ ಬಿಸಿಲೂ ಇರುತ್ತವೆ. ನಮ್ಮ ಲೈನಿನ ಹಿಂದೆ, ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿ ಸುರಿದ ಸೈನೈಡ್ ದಿಬ್ಬಗಳೂ ಮೇಲೆ ಬಿಸಿಲೂ ಇವೆ. ಆದ್ದರಿಂದ ನಮ್ಮದು ಮರುಭೂಮಿ. ಒಂಟೆಗಳಿಲ್ಲದಿರುವುದು ಕೇವಲ ಆಕಸ್ಮಿಕ.

ಪುಸ್ತಿಕೆಯ ಆದೇಶಗಳನ್ನು ನಾನು ಅಕ್ಷರಶಃ ಪಾಲಿಸಿದೆ. ಬಿಸಿಲು ಒಳಗೆ ಇಣುಕದಂತೆ ಮನೆಯ ಉದ್ದ ಪೂರ್ವ ಪಶ್ಚಿಮವಾಗಿರಬೇಕು. ಗಾಳಿ ಆಚೆಯಿಂದ ಈಚೆಗೆ ಹಾಯುವಂತೆ ಅಗಲ ಕಡಿಮೆಯಿದ್ದು, ಬದಿಗಳಿಗೆ ಗೋಡೆಯ ಬದಲು ಜಾಲರಿ ಇರಬೇಕು. ಗುಡಿಸುವವರು ನೆಟ್ಟಗೆ ನಿಲ್ಲುವಷ್ಟು ಎತ್ತರ ಬೇಕು. ಮೇಲೆ ದಪ್ಪ ಹುಲ್ಲಿನ ಹೊದಿಕೆ, ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗಲು ಸಂದು, ಗಾಳಿ ಬರುವ ಕಡೆ ನೀರು ಚಿಮುಕಿಸಿದ ಗೋಣಿಯ ಪರದೆ. ಹುಲ್ಲನ್ನು ಕಾಮಸಮುದ್ರದಿಂದ ಬಸ್ಸಿನ ನೆತ್ತಿಯ ಮೇಲೆ ಹೇರಿಕೊಂಡು ಬಂದೆ. "ಉಲ್ಲು ಬಂತು, ಅಸ ಎಲ್ಲಿ ಸಾ?" ಎಂದು ಕಂಡಕ್ಟರು ಕೇಳಿದಾಗ, ಇದು ಕೋಳಿಗಳಿಗೆಂದು ಸ್ಪಷ್ಟಪಡಿಸಿದೆ. ಇಡೀ ಬಸ್ಸು ನನ್ನನ್ನು ಕನಿಕರದಿಂದ ನೋಡಿತು.

ಕಟ್ಟಡ ಮುಗಿದ ದಿನ ಪಕ್ಕದ ಮನೆಯ ಕನ್ನಿಯಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದರು. ತಮಿಳಿನಲ್ಲಿ ಆರಂಭಿಸಿ ಕನ್ನಡದಲ್ಲಿ ಮುಗಿಸುವುದು ಅವರ ಪದ್ಧತಿ. "ಎನ್ನಪ್ಪಾ ಬೀಏ, ಕೋಳಿಗೆ ಮದುವೆಯಾ? ಛತ್ರ ಕಟ್ಟಿದೀಯ!" ತಂದೆಯವರು ಒಳಹೊಕ್ಕು, ನೆಟ್ಟಗೆ ನಿಂತು, ತಲೆಯ ಮೇಲೆ ಕೈಯಾಡಿಸಿ ಅಳೆದರು. "ನಮ್ಮನೆಗಿಂತ ಎತ್ರ ಐತಲ್ಲಲಾ" ಎಂದವರು, ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ಅಲ್ಲಿ ನಿಂತರು.

ಕೋಳಿಗಳು ಮಾತ್ರ ಒಳಗೆ ಕಾಲಿಡಲಿಲ್ಲ. ಕತ್ತಲೆಯ ಪೆಟ್ಟಿಗೆಯಲ್ಲಿ ಬೆಳೆದ ಆ ಜೀವಗಳಿಗೆ ನಾಲ್ಕೂ ಕಡೆ ಬಯಲು ಕಾಣುವ ಮನೆ ಮನೆಯೆನಿಸಲಿಲ್ಲ. ನಾನು ಕಾಳು ಚೆಲ್ಲಿದೆ, ಬೇಡಿಕೊಂಡೆ, ಕೊನೆಗೆ ನಾನೇ ಕೋಳಿಯಂತೆ ಬಗ್ಗಿ ಒಳಹೋಗಿ ಕೊಕ್ಕೊಕ್ಕೆಂದು ಮಾದರಿ ತೋರಿಸಿದೆ. ದೊರೆಯು ಬಾಗಿಲವರೆಗೆ ಬಂದು, ಒದ್ದೆ ಗೋಣಿಯ ಒಂದು ಹನಿ ಜುಟ್ಟಿನ ಮೇಲೆ ಬಿದ್ದೊಡನೆ ತಿರುಗಿ, ಪರಿವಾರಸಮೇತ ಮನೆಯೊಳಗೆ ನಡೆಯಿತು. ಈ ಸಲ ಮಂಚದ ಕೆಳಗಲ್ಲ, ಮಂಚದ ಮೇಲೆ.

ಮರುದಿನ ಭಾನುವಾರ. ಪಾಳಿ ಮುಗಿಸಿ ಬಂದು ಉಂಡಿದ್ದ ತಂದೆಯವರು ಮಧ್ಯಾಹ್ನದ ವೇಳೆಗೆ ಮಂಚದ ಮೇಲಿರಲಿಲ್ಲ. ದೊರೆಯಿತ್ತು. ತಾಯಿಯವರ ಮುಖ ಬಿಳುಚಿತು. "ನಿದ್ದೆಗಣ್ಣಾಗೆ ಎಲ್ಲಿಗೋದ್ರೋ, ನೋಡ್ಲಾ!" ನಾನು ನೀರಿನ ನಲ್ಲಿ, ಚಹಾದಂಗಡಿ, ಸ್ಟೇಷನ್ನು ಎಲ್ಲ ಕಡೆ ಓಡಿ ಬಂದೆ. ಎಲ್ಲಿಯೂ ಇಲ್ಲ. ಆಗ ಹಿತ್ತಲಿನಿಂದ ಕನ್ನಿಯಮ್ಮನ ಕೂಗು ಕೇಳಿಸಿತು.

"ಬೀಏ! ಇಂಗೆ ವಾಪ್ಪಾ! ನಿನ್ ಕೋಳಿ ಗೊರಕೆ ಒಡೀತದೆ!"

ತಂದೆಯವರು ಕೋಳಿಮನೆಯಲ್ಲಿ ಅಂಗಾತ ಮಲಗಿದ್ದರು. ತಲೆ ಒಳಗೆ, ಪಾದಗಳು ಬಾಗಿಲಿನ ಹೊರಗೆ. ಗಾಳಿ ಆಚೆಯಿಂದ ಈಚೆಗೆ ಪುಸ್ತಿಕೆಯಲ್ಲಿ ಹೇಳಿದಂತೆಯೇ ಹಾಯುತ್ತಿತ್ತು. ಗೋಣಿಯ ನೀರು ಕಾಲಿನ ಹೆಬ್ಬೆರಳ ಮೇಲೆ ತೊಟ್ಟಿಕ್ಕುತ್ತಿದ್ದರೂ ಅವರಿಗೆ ಅರಿವಿರಲಿಲ್ಲ. "ನಿದ್ದೆ ಮಾಡ್ತಾವ್ರೆ ಕಣೋ" ಎಂದು ತಾಯಿಯವರು ಪಿಸುಗುಟ್ಟಿ, ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕರು. ಕಣ್ಣಲ್ಲಿ ನೀರೂ ಬಂದಿತ್ತು. ದೊರೆ ಹೊಸ್ತಿಲಿಗೆ ಬಂದು ಕತ್ತು ನೀಡಿತು. ಕನ್ನಿಯಮ್ಮ ಒಂದೇ ನೆಗೆತಕ್ಕೆ ಅದನ್ನು ಕಂಕುಳಲ್ಲಿ ಅಮುಕಿ, ಕೊಕ್ಕನ್ನು ಮುಷ್ಟಿಯಲ್ಲಿ ಹಿಡಿದು ತಮ್ಮ ಮನೆಗೆ ಒಯ್ದರು. ಅಂದು ಇಡೀ ಲೈನು ತುದಿಗಾಲಲ್ಲಿ ಓಡಾಡಿತು. ಕಟ್ಟಡವು ಈ ಪ್ರಾಣಿಗಾಗಿ ಯೋಜಿಸಿದ್ದಲ್ಲವೆಂದು ಪುಸ್ತಿಕೆ ಹಿಡಿದು ಸ್ಪಷ್ಟಪಡಿಸಬೇಕೆನಿಸಿತು; ಕೇಳುವವರಾರೂ ಇರಲಿಲ್ಲ.

ಸಂಜೆ ಎದ್ದ ತಂದೆಯವರು ಮೈಮುರಿದು ಹೇಳಿದರು: "ಇನ್ನೊಂದ್ ಮೊಳ ಉದ್ದ ಮಾಡ್ಬೇಕಿತ್ತು ಕಣ್ಲಾ. ಇಷ್ಟ್ ಓದಿದ್ರೂ ಕಾಲಿನ ಲೆಕ್ಕ ಬಿಟ್ಬುಟ್ಟೆ."

"ಪುಸ್ತಕದಲ್ಲಿ ಕೋಳಿಯ ಕಾಲಿನ ಲೆಕ್ಕ ಮಾತ್ರ ಇದೆ, ಅಪ್ಪ" ಎಂದೆ.

ಮುಂದಿನ ವಾರ ಒಂದು ಮೊಳ ಸೇರಿಸಿದೆ. ಅಂದಿನಿಂದ ತಂದೆಯವರು ಹಗಲೆಲ್ಲ ಕೋಳಿಮನೆಯಲ್ಲಿ ನಿದ್ರಿಸಿ, ಎಚ್ಚರವಾಗಿ ಪಾಳಿಗೆ ಹೋಗತೊಡಗಿದರು. ಕೇಜಿನ ಬಳಿ ಮತ್ತೆಂದೂ ತೂಕಡಿಸಲಿಲ್ಲ. ಗಣಿಯ ಸೈರನ್ ಕೂಗಿದರೆ ತಾಯಿಯವರು ಬೆಚ್ಚಿಬೀಳುವುದನ್ನು ಬಿಟ್ಟರು. ಕೋಳಿಗಳು ಮಾತ್ರ ರಾತ್ರಿಯೂ ಮಂಚವನ್ನು ಬಿಟ್ಟುಕೊಡಲಿಲ್ಲ. ಅದರ ಪಕ್ಕದಲ್ಲೇ ನನ್ನ ಚಾಪೆ. ಕೋಳಿಗಳು ವಾಸಿಸುವ ಜಾಗವೇ ಕೋಳಿಗೂಡು. ನಾನು ಮಲಗುವ ಜಾಗದಲ್ಲಿ ಕೋಳಿಗಳು ವಾಸಿಸುತ್ತವೆ. ಆದ್ದರಿಂದ, ನಮ್ಮ ವಂಶದ ಏಕೈಕ ಪದವೀಧರನು ಅಂದಿನಿಂದ ಕೋಳಿಗೂಡಿನಲ್ಲಿ ಮಲಗಿದನು.